ರಾತ್ರಿ ಬಂದು ಸುರಿದು ಹೋಗುವವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ರಗಳದ್ದು ಒಂದೇ ಗೋಳು. "ನಾವೇನೋ ಬೇರೆ ಮಾಡಿ ಕೊಡ್ತೀವಿ ಸರ್, ಪಕ್ಕದ ಜಾಗದಲ್ಲಿ ಯಾರೋ ಲೋಡುಗಟ್ಟಲೆ ಸುರಿದು ಹೋಗ್ತಾರಲ್ಲ, ಅದಕ್ಕೇನು ಮಾಡೋದು?" ನ್ಯಾಯವಾದ ಪ್ರಶ್ನೆ. ಹಾಗಾಗಿ ಈ ಸಲದ ಪುಟ ಪೂರ್ತಿ ಕದ್ದು ಸುರಿಯುವ ಕಸಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ, ಅದಕ್ಕೇ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಖಾಲಿ ಜಾಗ ಇದೆ. ಯಾರದ್ದು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಲ್ಲಿ ರಾತ್ರೋರಾತ್ರಿ ಒಡೆದ ಇಟ್ಟಿಗೆ, ಟೈಲ್ಸ್ ಚೂರು, ಹಳೇ ಹಾಸಿಗೆ, ಬಾಯಿ ಕಟ್ಟಿದ ಮೂಟೆಗಳು ಬಂದು ಬೀಳುತ್ತವೆ. ಮೂರು ಸಲ ದೂರು ಕೊಟ್ಟೆವು. ಮೂರು ಸಲವೂ ಬಂದು ಎತ್ತಿಕೊಂಡು ಹೋದರು. ಹದಿನೈದು ದಿನಕ್ಕೆ ಮತ್ತೆ ಅದೇ ಗುಡ್ಡೆ. ನಾಲ್ಕನೇ ಸಲ ಫೋನ್ ಮಾಡಿದರೆ "ಮತ್ತೆ ನೀವೇನಾ?" ಅಂದರು. ಇನ್ನೇನು ಮಾಡಬೇಕು?

ಉತ್ತರ: ಬೇಜಾರಾಗಬೇಡಿ, ನಿಮ್ಮ ದೂರು ಕೆಲಸ ಮಾಡಿದೆ. ನೀವು ಕೇಳಿದ್ದನ್ನೇ ಅವರು ಕೊಟ್ಟಿದ್ದಾರೆ. "ಕಸ ಬಿದ್ದಿದೆ, ತೆಗೆಸಿ" ಅಂದಿರಿ, ತೆಗೆದರು. ತೊಂದರೆ ಇರೋದೇ ಅಲ್ಲಿ. ಬಿದ್ದ ಕಸ ತೆಗೆಸೋದು ಒಂದು ಕೆಲಸ, ಕಸ ಬೀಳದ ಹಾಗೆ ಮಾಡೋದು ಇನ್ನೊಂದು ಕೆಲಸ. ಎಷ್ಟೋ ಕಡೆ ಈ ಎರಡನ್ನೂ ಬೇರೆ ಬೇರೆ ಜನ ನೋಡಿಕೊಳ್ಳುತ್ತಾರೆ. ಗುಡಿಸುವ ವಿಭಾಗದವರ ಹತ್ತಿರ ಗಾಡಿ ಇದೆ, ಸಲಿಕೆ ಇದೆ. ಯಾರು ಹಾಕಿದರು ಅಂತ ಹುಡುಕೋದು ಅವರ ಕೆಲಸವಲ್ಲ. ನೋಟಿಸ್ ಕೊಡುವವರ, ದಂಡ ಹಾಕುವವರ ಮೇಜಿಗೆ ನಿಮ್ಮ ದೂರು ಹೋಗಿಯೇ ಇರೋದಿಲ್ಲ. ಆದ್ದರಿಂದ ಇನ್ನು ಮುಂದೆ ಎರಡು ದೂರು ಬರೆಯಿರಿ. ಒಂದು ಕಸದ ಬಗ್ಗೆ, ಇನ್ನೊಂದು ಕಸ ತಂದವರ ಬಗ್ಗೆ.

ಎರಡನೆಯದನ್ನು ಬರೆಯೋದು ಹೇಗೆ ಅಂತ ನಾನು ಕಲಿತಿದ್ದು ತಡವಾಗಿ. ನಮ್ಮ ಬೀದಿಯಲ್ಲೂ ಇದೇ ಕತೆ ಇತ್ತು, ಒಂದು ವರ್ಷ ನಾನು "ಗಬ್ಬು ನಾರುತ್ತಿದೆ, ಸೊಳ್ಳೆ ಜಾಸ್ತಿಯಾಗಿದೆ, ಮಕ್ಕಳು ಓಡಾಡುವ ದಾರಿ" ಅಂತೆಲ್ಲ ಉದ್ದುದ್ದ ಪತ್ರ ಬರೆದೆ. ಏನೂ ಆಗಲಿಲ್ಲ. ಕೊನೆಗೆ ಕೆಲಸ ಆಗಿದ್ದು ಎದುರು ಮನೆಯ ಅಜ್ಜನಿಂದ. ಅವರಿಗೆ ರಾತ್ರಿ ನಿದ್ದೆ ಬರೋದಿಲ್ಲ. ಗಾಡಿಯ ಹಿಂದಿನ ಬಾಗಿಲು ಢಣ್ ಅಂತ ಬಿದ್ದು, ಕಲ್ಲುಮಣ್ಣು ಗರಗರ ಜಾರುವ ಸದ್ದು ಕೇಳಿದಾಗೆಲ್ಲ ಗಡಿಯಾರ ನೋಡಿ ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದರು. ತಿಂಗಳ ಕೊನೆಗೆ ನೋಡಿದರೆ ಏಳು ಸಲ ಬರೆದಿದ್ದಾರೆ, ಅದರಲ್ಲಿ ಐದು ಶುಕ್ರವಾರ ಇಲ್ಲವೇ ಮಂಗಳವಾರ, ಎಲ್ಲವೂ ರಾತ್ರಿ ಹನ್ನೊಂದರಿಂದ ಹನ್ನೆರಡರ ಒಳಗೆ. ಆ ಒಂದು ಪುಟದ ಫೋಟೋ ಕಳಿಸಿದೆವು. ಎರಡನೇ ಶುಕ್ರವಾರ ಗಾಡಿ ಸಿಕ್ಕಿಬಿತ್ತು. ನನ್ನ ವರ್ಷದ ಪತ್ರಗಳಿಗಿಂತ ಅಜ್ಜನ ಏಳು ಸಾಲಿಗೆ ಜಾಸ್ತಿ ಬೆಲೆ ಬಂತು, ಅಲ್ವಾ? ಯಾವತ್ತು ಬಂದು ಕಾದರೆ ಕೈಗೆ ಸಿಗುತ್ತಾರೆ ಅಂತ ಅವರಿಗೆ ಗೊತ್ತಾಗಬೇಕಿತ್ತು, ಅಷ್ಟೇ.

ಇನ್ನೊಂದು, ಗುಡ್ಡೆಯನ್ನೇ ಸ್ವಲ್ಪ ಗಮನಿಸಿ ನೋಡಿ. ಮುಟ್ಟಬೇಡಿ, ಮೂಟೆ ಬಿಚ್ಚಬೇಡಿ, ಎರಡು ಹೆಜ್ಜೆ ದೂರದಿಂದಲೇ ನೋಡಿ. ಟೈಲ್ಸ್ ಚೂರೆಲ್ಲ ಒಂದೇ ಬಣ್ಣದ್ದಾದರೆ ಅದು ಒಂದೇ ಮನೆಯದ್ದು, ಹತ್ತಿರದಲ್ಲೇ ಎಲ್ಲೋ ಬಚ್ಚಲು ಒಡೆದು ಕಟ್ಟುತ್ತಿದ್ದಾರೆ. ಬಟ್ಟೆಯ ಅಂಚುಗಳೇ ರಾಶಿ ಇದ್ದರೆ ಹೊಲಿಗೆಯ ಘಟಕ. ಕೂದಲಿನ ಮೂಟೆಯಾದರೆ ಎಲ್ಲಿಂದ ಬಂತು ಅಂತ ಹೇಳಬೇಕಾಗಿಯೇ ಇಲ್ಲ. ಹರಿದ ಚೀಲದಿಂದ ಕೊರಿಯರ್ ಚೀಟಿ ಇಣುಕುತ್ತಿದ್ದರೆ ಹಾಗೆಯೇ ಹತ್ತಿರದ ಫೋಟೋ ತೆಗೆಯಿರಿ, ಎಳೆಯಬೇಡಿ. ನೀವು ಎಳೆದು ತೆಗೆದ ಚೀಟಿ ಆ ಗುಡ್ಡೆಯಲ್ಲೇ ಇತ್ತು ಅಂತ ಆಮೇಲೆ ಸಾಬೀತು ಮಾಡೋದು ಕಷ್ಟ. ಮತ್ತೆ, ಚೀಟಿಯಲ್ಲಿ ಹೆಸರಿದ್ದವರೇ ಸುರಿದವರು ಅಂತ ತೀರ್ಮಾನಿಸಿಬಿಡಬೇಡಿ. ಅವರು ಯಾರಿಗೋ ದುಡ್ಡು ಕೊಟ್ಟು ಕಸ ಸಾಗಿಸಲು ಹೇಳಿರಬಹುದು. ತನಿಖೆ ಮಾಡುವವರಿಗೆ ಅದೊಂದು ದಾರದ ತುದಿ, ಅಷ್ಟೇ.

ಫೋಟೋ ಮೂರು ಸಾಕು. ಒಂದು ದೂರದಿಂದ, ಹಿಂದೆ ಗೇಟೋ ಕಂಬವೋ ಕಾಣುವ ಹಾಗೆ. ಒಂದು ಇಡೀ ಗುಡ್ಡೆ. ಒಂದು ಹತ್ತಿರದಿಂದ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ ತೆಗೆದರೆ ಜಾಗ, ಸಮಯ ಎರಡೂ ಫೋಟೋದ ಒಳಗೇ ಸೇರಿಕೊಳ್ಳುತ್ತವೆ. ಆದರೆ ಅದನ್ನೇ ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಆ ಮಾಹಿತಿ ಉದುರಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಇಮೇಲ್ ಮಾಡಿ. ಮೂಲ ಫೋಟೋವನ್ನು ಅಳಿಸಬೇಡಿ.

ದೂರು ಹೀಗಿದ್ದರೆ ಸಾಕು: "ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗ. ಶುಕ್ರವಾರ ರಾತ್ರಿ 11.20. ನೀಲಿ ಬಣ್ಣದ ಚಿಕ್ಕ ಟಿಪ್ಪರ್, ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಂಡಿತು. ಒಡೆದ ಟೈಲ್ಸ್, ಸಿಮೆಂಟ್ ಗಾರೆ, ಸುಮಾರು ಒಂದು ಲೋಡ್. ಮುಖ್ಯರಸ್ತೆಯ ಕಡೆಯಿಂದ ಬಂದು ಅದೇ ಕಡೆ ಹೋಯಿತು. ಇದೇ ತಿಂಗಳಲ್ಲಿ ಇದು ನಾಲ್ಕನೇ ಸಲ, ಉಳಿದ ದಿನಗಳ ಪಟ್ಟಿ ಕೆಳಗಿದೆ. ಸುರಿದವರನ್ನು ಪತ್ತೆ ಮಾಡಿ ಕ್ರಮ ಕೈಗೊಳ್ಳಬೇಕು. ಕಸ ತೆಗೆಸಲು ಬೇರೆ ದೂರು ಕೊಟ್ಟಿದ್ದೇವೆ, ಅದರ ನಂಬರ್ ಇದು." ಸಿಟ್ಟು, ಶಾಪ, "ಸಮಾಜ ಎತ್ತ ಸಾಗುತ್ತಿದೆ" ಇವೆಲ್ಲ ಬೇಡ. ಓದುವವರಿಗೆ ಅಷ್ಟು ಪುರುಸೊತ್ತು ಇರೋದಿಲ್ಲ.

ದೂರಿನ ನಂಬರ್ ಇಲ್ಲದೆ ಫೋನ್ ಇಡಬೇಡಿ. ಮುಂದಿನ ಸಲ ಹೊಸ ದೂರು ಕೊಡುವ ಬದಲು ಅದೇ ನಂಬರ್ ಹಿಡಿದು ಕೇಳಿ. ಹೊಸ ದೂರು ಅಂದರೆ ಅವರ ಲೆಕ್ಕದಲ್ಲಿ ಹಳೆಯದು ಮುಗಿಯಿತು ಅಂತ. ಬ್ರಿಟನ್ನಿನಲ್ಲಿ 2007ರಲ್ಲಿ ಫಿಕ್ಸ್‌ಮೈಸ್ಟ್ರೀಟ್ ಅಂತ ಒಂದು ಜಾಲತಾಣ ಶುರುವಾಯಿತು. ಗುಂಡಿ, ಕೆಟ್ಟ ದೀಪ, ಕಸದ ರಾಶಿ ಎಲ್ಲವನ್ನೂ ನಕ್ಷೆಯ ಮೇಲೆ ಗುರುತು ಮಾಡಿ ದೂರು ಕೊಡಬಹುದು. ಅದರಲ್ಲಿ ನನಗೆ ಹಿಡಿಸಿದ್ದು, ಕೊಟ್ಟ ದೂರು ಎಲ್ಲರ ಕಣ್ಣಿಗೂ ಕಾಣುತ್ತದೆ. ಯಾರು ಆಗಲೇ ಹೇಳಿದ್ದಾರೆ, ಎಷ್ಟು ದಿನವಾಯಿತು, ಉತ್ತರ ಬಂತಾ ಇಲ್ಲವಾ, ಎಲ್ಲ ಬಯಲು. ನಿಮ್ಮ ಕಡೆ ಅಂಥದ್ದು ಇಲ್ಲದಿದ್ದರೆ ಬೀದಿಯವರೇ ಒಂದು ಪಟ್ಟಿ ಇಟ್ಟುಕೊಳ್ಳಿ. ನೋಟ್‌ಬುಕ್ ಆದರೂ ಸೈ.

ಇನ್ನು ಜಾಗದ ವಿಷಯ. ಲೋಡ್ ಸುರಿಯೋಕೆ ಬೇಕಾಗಿರೋದು ಗಾಡಿ ಹಿಮ್ಮುಖವಾಗಿ ಒಳಗೆ ನುಗ್ಗುವಷ್ಟು ಬಾಯಿ, ಎರಡು ನಿಮಿಷದ ಕತ್ತಲೆ. ಆ ಬಾಯಿಗೆ ನಾಲ್ಕು ದಪ್ಪ ಕಲ್ಲು ಇಟ್ಟರೆ ಅಥವಾ ಅಡ್ಡಕ್ಕೆ ಒಂದು ಸಣ್ಣ ಚರಂಡಿ ತೋಡಿದರೆ ಟಿಪ್ಪರ್ ಒಳಗೆ ಬರೋದಿಲ್ಲ. ಇದನ್ನು ನೀವಾಗಿ ಮಾಡಬೇಡಿ. ಜಾಗದ ಮಾಲೀಕರನ್ನು ಹುಡುಕಿ ಅವರಿಂದ ಮಾಡಿಸಿ. ಬಹಳ ಕಡೆ ಖಾಲಿ ಜಾಗವನ್ನು ಚೊಕ್ಕಟವಾಗಿ ಇಡುವ ಹೊಣೆ ಮಾಲೀಕರದ್ದೇ. ಯಾರು ಅಂತ ಗೊತ್ತಿಲ್ಲದಿದ್ದರೆ ಸ್ಥಳೀಯ ಆಡಳಿತದ ಕಂದಾಯದ ಲೆಕ್ಕದಲ್ಲಿ ಹೆಸರಿರುತ್ತದೆ. ನಿಮಗೆ ಹೆಸರು ಕೊಡದಿದ್ದರೂ ಅವರೇ ನೋಟಿಸ್ ಕಳಿಸಬಹುದು, ಅದನ್ನು ಬರವಣಿಗೆಯಲ್ಲಿ ಕೇಳಿ. ಜೊತೆಗೆ ಒಂದು ದೀಪ.

ಮತ್ತೆ ಮತ್ತೆ ತೆಗೆಸಿ ಏನು ಪ್ರಯೋಜನ ಅಂತ ನಿಲ್ಲಿಸಿಬಿಡಬೇಡಿ. ನೆದರ್ಲೆಂಡ್ಸಿನ ಗ್ರೋನಿಂಗನ್ ಊರಿನಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದರು, 2008ರಲ್ಲಿ ಪ್ರಕಟವಾಯಿತು. ಸೈಕಲ್ ನಿಲ್ಲಿಸುವ ಓಣಿಯಲ್ಲಿ ಹ್ಯಾಂಡಲ್‌ಗಳಿಗೆಲ್ಲ ಒಂದೊಂದು ಕರಪತ್ರ ಸಿಕ್ಕಿಸಿದರು. ಗೋಡೆ ಚೊಕ್ಕಟವಾಗಿದ್ದಾಗ ಅದನ್ನು ನೆಲಕ್ಕೆ ಎಸೆದವರು ನೂರಕ್ಕೆ 33 ಮಂದಿ. ಅದೇ ಗೋಡೆ ಮೇಲೆ ಗೀಚಿದ್ದಾಗ 69. ಜಾಗವೂ ಅದೇ, ಚೀಟಿಯೂ ಅದೇ. ನಿಮ್ಮ ಖಾಲಿ ಜಾಗದಲ್ಲೂ ಮೊದಲ ಮೂಟೆ ಉಳಿದ ದಿನವೇ ಎರಡನೆಯದಕ್ಕೆ ಕರೆ ಹೋಗಿರುತ್ತದೆ.

ಪ್ರಶ್ನೆ: ಸುರಿಯುವವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ನಮ್ಮ ಬೀದಿಯವರೇ. ದೂರು ಕೊಟ್ಟರೆ ದಿನಾ ಮುಖ ನೋಡಬೇಕು. ಹೆಸರು ಗುಟ್ಟಾಗಿ ಇಡುತ್ತಾರಾ?

ಉತ್ತರ: ನೀವು ಒಂದು ವಿಷಯ ಬರೆದಿಲ್ಲ. ಅವರು ಎಸೆಯೋದು ಮನೆಯ ಒಂದು ಚೀಲವಾ, ಗಾಡಿಯಲ್ಲಿ ತಂದು ಸುರಿಯೋದಾ? ಇವೆರಡೂ ಒಂದೇ ಅಲ್ಲ.

ಒಂದು ಚೀಲವಾದರೆ ಮೊದಲು ಮಾತಾಡಿ, ಕಸದಿಂದ ಮಾತು ಶುರು ಮಾಡಬೇಡಿ. "ನಿಮಗೆ ಕಸದ ಗಾಡಿ ಸಿಗ್ತಾ ಇಲ್ವಾ?" ಅಂತ ಕೇಳಿ. ಗಾಡಿ ಬರೋದು ಏಳಕ್ಕೆ, ಅವರು ಮನೆ ಬಿಡೋದು ಆರೂವರೆಗೆ, ಸಂಜೆ ಬರುವಷ್ಟರಲ್ಲಿ ನಾಯಿ ಎಳೆದಾಡಿರುತ್ತದೆ, ಅದಕ್ಕೇ ಹೋಗುವ ದಾರಿಯಲ್ಲಿ ಎಸೆದು ಹೋಗೋದು. ನಾನು ಕಂಡ ಹತ್ತು ಮನೆಗಳಲ್ಲಿ ಆರೇಳು ಇಂಥವೇ. ಗಾಡಿಯ ಹೊತ್ತು ಬದಲಾಯಿಸಿದರೆ ಅಥವಾ ಪಕ್ಕದ ಮನೆಯವರು ಅವರ ಚೀಲವನ್ನೂ ಕೊಟ್ಟರೆ ಮುಗಿಯಿತು. ದೂರು ಯಾಕೆ ಬೇಕು?

ಗಾಡಿಯಲ್ಲಿ ತಂದು ಸುರಿದು ದುಡ್ಡು ಮಾಡುವವರಾದರೆ ಮಾತಿಗೇ ಹೋಗಬೇಡಿ. ಅಡ್ಡ ನಿಲ್ಲೋದು, ಕೀಲಿ ಕಿತ್ತುಕೊಳ್ಳೋದು, ಅವರ ಮುಖದ ಮುಂದೆಯೇ ಫೋನ್ ಹಿಡಿಯೋದು, ಯಾವುದೂ ಬೇಡ. ಅವರಿಗೆ ಅದು ಹೊಟ್ಟೆಪಾಡು, ಕೈಯಲ್ಲಿ ಸಲಿಕೆ ಬೇರೆ ಇರುತ್ತದೆ. ಒಳಗಿನಿಂದ ನೋಡಿ, ಬರೆದಿಡಿ, ಸುರಿಯುತ್ತಿರುವಾಗಲೇ ಕಂಡರೆ ಪೊಲೀಸರಿಗೆ ಫೋನ್ ಮಾಡಿ.

ಗುಟ್ಟಿನ ವಿಷಯ. ಹೆಸರು ಹೇಳುವ ಮೊದಲೇ ಕೇಳಿ: "ನನ್ನ ಹೆಸರು ಯಾರು ಯಾರಿಗೆ ಕಾಣುತ್ತದೆ?" ಉತ್ತರ ತೊದಲಿದರೆ ಹೆಸರು ಕೊಡಬೇಡಿ. ಬೀದಿಯ ಸಂಘದ ಹೆಸರಿನಲ್ಲೋ ಹತ್ತು ಜನರ ಸಹಿಯಲ್ಲೋ ಕೊಡಿ. ಹೆಸರಿಲ್ಲದ ದೂರನ್ನು ಕೆಲವು ಕಡೆ ತಳ್ಳಿಹಾಕುತ್ತಾರೆ, ನಿಜ. ಆದರೆ ಅದರಲ್ಲಿ ದಿನ, ಹೊತ್ತು, ಗಾಡಿ ನಂಬರ್ ಇದ್ದರೆ ಅಷ್ಟು ಸುಲಭಕ್ಕೆ ತಳ್ಳೋಕಾಗೋದಿಲ್ಲ.

ದೂರದಲ್ಲಿ ಕೂತು ಬರೆದ ಪತ್ರ ಏನು ಮಾಡಬಹುದು ಅನ್ನೋದಕ್ಕೆ ಒಂದು ಕತೆ ಹೇಳುತ್ತೇನೆ. ನೈಜೀರಿಯಾದಲ್ಲಿ ಕೊಕೊ ಅಂತ ಒಂದು ಚಿಕ್ಕ ಬಂದರು ಊರು. ಇಟಲಿಯಿಂದ ಬಂದ ಸಾವಿರಾರು ಪೀಪಾಯಿ ವಿಷದ ತ್ಯಾಜ್ಯವನ್ನು ಅಲ್ಲಿ ಒಬ್ಬರ ಜಾಗ ಬಾಡಿಗೆಗೆ ಹಿಡಿದು ಪೇರಿಸಿಟ್ಟಿದ್ದರು. 1988ರಲ್ಲಿ ಅದು ಬಯಲಾಯಿತು. ಬಯಲು ಮಾಡಿದವರು ಇಟಲಿಯಲ್ಲಿ ಓದುತ್ತಿದ್ದ ನೈಜೀರಿಯಾದ ವಿದ್ಯಾರ್ಥಿಗಳು. ಅಲ್ಲಿನ ಪೇಪರಿನಲ್ಲಿ ಸುದ್ದಿ ಓದಿ ತಮ್ಮ ದೇಶದ ಪತ್ರಿಕೆಗಳಿಗೆ ತಿಳಿಸಿದರು. ಇಟಲಿ ಅದನ್ನು ವಾಪಸು ಒಯ್ಯಬೇಕಾಯಿತು. ಅಪಾಯದ ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕಿದ 1989ರ ಬಾಸೆಲ್ ಒಪ್ಪಂದಕ್ಕೆ ಇಂಥ ಪ್ರಕರಣಗಳೇ ಕಾರಣ.

ಪ್ರಶ್ನೆ: ದೂರು ಕೊಟ್ಟು ಕೊಟ್ಟು ಸಾಕಾಯಿತು. ಭಾನುವಾರ ನಾವು ಹುಡುಗರೇ ಸೇರಿ ಕ್ಲೀನ್ ಮಾಡಿಬಿಡೋಣ ಅಂತಿದ್ದೇವೆ. ಏನಂತೀರಿ?

ಉತ್ತರ: ಮಾಡಿ. ಆದರೆ ಶನಿವಾರ ಒಂದು ಕೆಲಸ, ಶುಕ್ರವಾರ ಇನ್ನೊಂದು.

ಶುಕ್ರವಾರ, ಎತ್ತಿದ ಕಸ ಎಲ್ಲಿಗೆ ಹೋಗುತ್ತದೆ ಅಂತ ಗಟ್ಟಿ ಮಾಡಿಕೊಳ್ಳಿ. ಸ್ಥಳೀಯ ಆಡಳಿತದವರು ಗಾಡಿ ಕಳಿಸ್ತೀವಿ ಅಂತ ಒಪ್ಪಬೇಕು, ಎಷ್ಟು ಹೊತ್ತಿಗೆ ಅನ್ನೋದೂ ಗೊತ್ತಿರಬೇಕು. ಇಲ್ಲದಿದ್ದರೆ ಹುಡುಗರು ಬೆವರು ಸುರಿಸಿ ಗುಡ್ಡೆಯನ್ನು ಅಲ್ಲಿಂದ ಇಲ್ಲಿಗೆ ತಂದಿಟ್ಟು, ಚೀಲ ಹಿಡಿದು ಸೆಲ್ಫಿ ತೆಗೆದುಕೊಂಡು ಹೋಗುತ್ತೀರಿ, ಬುಧವಾರದ ಹೊತ್ತಿಗೆ ಅದು ಹೊಸ ಬ್ಲ್ಯಾಕ್‌ಸ್ಪಾಟ್, ಅಂದರೆ ಎಲ್ಲರೂ ಕಸ ತಂದು ಸುರಿಯುವ ಜಾಗ ಆಗಿರುತ್ತದೆ. ಶನಿವಾರ ಫೋಟೋ ತೆಗೆದು ದೂರು ಕೊಟ್ಟುಬಿಡಿ. ಭಾನುವಾರ ನೀವು ಎತ್ತಿ ಹಾಕೋದು ಕಸ ಮಾತ್ರ ಅಲ್ಲ, ಸಾಕ್ಷಿಯನ್ನೂ.

ಎಸ್ಟೋನಿಯಾ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಬೀದಿಗೆ, ಕಾಡಿಗೆ ಇಳಿದು ಒಂದೇ ದಿನದಲ್ಲಿ ಸುಮಾರು 10,000 ಟನ್ ಕಸ ಎತ್ತಿದರು. ಎಲ್ಲರೂ ಆ ದಿನದ ಬಗ್ಗೆ ಮಾತಾಡುತ್ತಾರೆ. ನನಗೆ ಬೆರಗು ಅನ್ನಿಸೋದು ಅದರ ಹಿಂದಿನ ತಿಂಗಳುಗಳು. ಎಲ್ಲೆಲ್ಲಿ ಕದ್ದು ಸುರಿದಿದ್ದಾರೆ ಅಂತ ಸ್ವಯಂಸೇವಕರು ಸುತ್ತಾಡಿ ಹತ್ತು ಸಾವಿರಕ್ಕೂ ಜಾಸ್ತಿ ಜಾಗಗಳನ್ನು ಮೊದಲೇ ನಕ್ಷೆಗೆ ಹಾಕಿಕೊಂಡಿದ್ದರು. ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದರಿಂದಲೇ ಒಂದು ದಿನ ಸಾಕಾಯಿತು.

ಮುಟ್ಟಬಾರದ್ದು ಕೆಲವಿವೆ. ಲೇಬಲ್ ಇಲ್ಲದ ಡ್ರಮ್ಮು, ಕ್ಯಾನು. ಸಿರಿಂಜು, ಸೂಜಿ. ಉಬ್ಬಿದ ಬ್ಯಾಟರಿ, ಗ್ಯಾಸ್ ಸಿಲಿಂಡರ್. ಹಳೇ ಸಿಮೆಂಟ್ ಶೀಟುಗಳನ್ನಂತೂ ಒಡೆಯಬೇಡಿ, ಗುಡಿಸಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ನಾರು ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗಿ ಏಳಬಹುದು. ಇವನ್ನೆಲ್ಲ ಗುರುತು ಮಾಡಿ, ದೂರ ನಿಂತು, ಅಧಿಕಾರಿಗಳಿಗೆ ಹೇಳಿ. ದಪ್ಪ ಅಡಿಯ ಶೂ ಹಾಕಿ, ಚಪ್ಪಲಿ ಬೇಡ. ಚೀಲವನ್ನು ಮೈಗೆ ತಾಗಿಸಿ ಎತ್ತಬೇಡಿ, ಒಳಗೆ ಗಾಜು ಇರುತ್ತದೆ.

ಟೈರ್ ಸಿಕ್ಕರೆ ನೀರು ಚೆಲ್ಲಿ ಅಲ್ಲೇ ಬಿಡಬೇಡಿ, ಮೊದಲು ಅದನ್ನು ಗಾಡಿಗೆ ಹಾಕಿ. ಡೆಂಗಿ ಹರಡುವ ಸೊಳ್ಳೆ ಟೈರಿನ ಒಳಗೋಡೆಗೆ ಮೊಟ್ಟೆ ಅಂಟಿಸಿರುತ್ತದೆ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕೂತಿದ್ದರೂ ಸಾಯೋದಿಲ್ಲ. ಮುಂದಿನ ಮಳೆಗೆ ನೀರು ತಾಗಿದರೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆ.

ಪ್ರಶ್ನೆ: ಯಾರೂ ಬರದಿದ್ದರೆ ನಾವೇ ಬೆಂಕಿ ಹಚ್ಚಿ ಸುಟ್ಟುಬಿಟ್ಟರೆ?

ಉತ್ತರ: ಬೇಡ. ಪಿವಿಸಿ ಪೈಪು, ವೈರು ಇರುವ ರಾಶಿ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ. ಮೈಗೆ ಸೇರಿದ ಡಯಾಕ್ಸಿನ್ ಅರ್ಧಕ್ಕೆ ಇಳಿಯೋಕೇ 7ರಿಂದ 11 ವರ್ಷ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಳಗೆ ಸ್ಪ್ರೇ ಡಬ್ಬಿ ಇದ್ದರೆ ಸಿಡಿಯುತ್ತದೆ. ಇನ್ನೂ ಒಂದು ತಮಾಷೆ ಏನಂದರೆ, ಕಸ ಸುರಿದವರು ತಪ್ಪಿಸಿಕೊಂಡು, ಕಸ ಸುಟ್ಟವರು ಅಂತ ನೀವು ಸಿಕ್ಕಿಬೀಳುತ್ತೀರಿ. ಬೇರೆ ಯಾರಾದರೂ ಹಚ್ಚಿದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಆಮೇಲೆ ದೂರು.

ಪ್ರಶ್ನೆ: ಗಾಡಿಯ ವಿಡಿಯೋ ಸಿಕ್ಕಿದೆ, ನಂಬರ್ ಸ್ಪಷ್ಟವಾಗಿದೆ. ಎಲ್ಲ ಗ್ರೂಪಿಗೂ ಹಾಕಿ ಮಾನ ಹರಾಜು ಹಾಕೋಣ ಅಂತ ನಮ್ಮವರು.

ಉತ್ತರ: ಕೈ ತುರಿಸುತ್ತದೆ, ಗೊತ್ತು. ಸ್ವಲ್ಪ ತಡೆದುಕೊಳ್ಳಿ. ಮೊದಲು ಆ ವಿಡಿಯೋ ಅಧಿಕಾರಿಗಳಿಗೆ ಹೋಗಲಿ. ಗ್ರೂಪಿಗೆ ಹಾಕಿದ ಅರ್ಧ ಗಂಟೆಯಲ್ಲಿ ಅದು ಗಾಡಿಯವನಿಗೂ ತಲುಪುತ್ತದೆ, ನಾಳೆಯಿಂದ ಬೇರೆ ಗಾಡಿ, ಬೇರೆ ಜಾಗ. ನಂಬರ್ ಪ್ಲೇಟ್ ಬೇರೆಯವರದ್ದಾಗಿರಬಹುದು, ಬಾಡಿಗೆ ಗಾಡಿಯಾಗಿರಬಹುದು. ತಪ್ಪಾದರೆ ಕೇಸು ಬೀಳೋದು ನಿಮ್ಮ ಮೇಲೆ. ಕ್ಯಾಮೆರಾ ಹಾಕಿಸುವುದಾದರೂ ಕಸ ಬೀಳುವ ಜಾಗ ಕಾಣಲಿ, ಎದುರು ಮನೆಯ ಬಾಗಿಲು ಕಾಣೋದು ಬೇಡ.

ಪ್ರಶ್ನೆ: ಮನೆ ರಿಪೇರಿ ಮಾಡಿಸಿದೆ. ಒಡೆದ ಸಾಮಾನನ್ನೆಲ್ಲ ಒಬ್ಬ ಟೆಂಪೊದವನಿಗೆ ದುಡ್ಡು ಕೊಟ್ಟು ಸಾಗಿಸಿದೆ. ಅವನು ಅದನ್ನು ಕೆರೆಯ ಬದಿಗೆ ಸುರಿದಿದ್ದಾನೆ. ಈಗ ನೋಟಿಸ್ ನನಗೆ ಬಂದಿದೆ! ನನ್ನ ತಪ್ಪೇನು?

ಉತ್ತರ: ಸ್ವಲ್ಪ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಕೊಡುವಾಗ "ಇದನ್ನು ಎಲ್ಲಿಗೆ ಒಯ್ತೀಯಪ್ಪಾ?" ಅಂತ ಕೇಳಿದ್ದಿರಾ? ಯಾರೂ ಕೇಳೋದಿಲ್ಲ. ಕಣ್ಣಿಂದ ಮರೆಯಾದರೆ ಸಾಕು ಅನ್ನಿಸಿರುತ್ತದೆ. ಇಂಗ್ಲೆಂಡಿನಲ್ಲಿ ಮನೆಯವರು ತಮ್ಮ ಕಸವನ್ನು ಪರವಾನಗಿ ಇರುವವರಿಗೇ ಕೊಟ್ಟಿದ್ದಾರಾ ಅಂತ ನೋಡಿಕೊಳ್ಳುವುದು ಕಾನೂನಿನ ಹೊಣೆ, ನೋಡಿಕೊಳ್ಳದಿದ್ದರೆ ಅವರಿಗೂ ದಂಡ. ಬೇರೆ ಕಡೆ ನಿಯಮ ಬೇರೆ ಇರಬಹುದು, ಆದರೆ ಗುಡ್ಡೆಯಲ್ಲಿ ನಿಮ್ಮ ವಿಳಾಸ ಸಿಕ್ಕರೆ ಮೊದಲು ಬಾಗಿಲು ತಟ್ಟೋದು ನಿಮ್ಮದನ್ನೇ.

ಈಗ ಮಾಡಬೇಕಾಗಿರೋದು ಇಷ್ಟು. ನೋಟಿಸಿಗೆ ಹೇಳಿದ ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. "ನನ್ನದಲ್ಲ" ಅನ್ನಬೇಡಿ, ಟೈಲ್ಸ್ ಹೇಳಿಬಿಡುತ್ತದೆ. ಟೆಂಪೊದವನ ಫೋನ್ ನಂಬರ್, ದುಡ್ಡು ಕಳಿಸಿದ ದಾಖಲೆ, ಲೋಡ್ ಮಾಡಿದ ದಿನದ ಫೋಟೋ ಇದ್ದರೆ ಎಲ್ಲ ಕೊಡಿ. ನನ್ನ ಖರ್ಚಿನಲ್ಲೇ ತೆಗೆಸುತ್ತೇನೆ ಅಂತ ನೀವೇ ಮುಂದೆ ಬಂದರೆ ಬಹಳ ಸಲ ಮಾತು ಮೆತ್ತಗಾಗುತ್ತದೆ. ಮುಂದಿನ ಸಲ ಎಲ್ಲರಿಗಿಂತ ಅಗ್ಗಕ್ಕೆ ಒಪ್ಪಿದವನ ಬಗ್ಗೆ ಅನುಮಾನ ಇರಲಿ. ಸರಿಯಾದ ಜಾಗಕ್ಕೆ ಒಯ್ದರೆ ಡೀಸೆಲ್ ಬೇಕು, ಅಲ್ಲಿ ಶುಲ್ಕ ಇದ್ದರೆ ಅದನ್ನೂ ಕಟ್ಟಬೇಕು. ಅದ್ಯಾವುದೂ ಅವನ ಲೆಕ್ಕದಲ್ಲಿ ಇಲ್ಲ ಅಂದರೆ ಯಾಕಿಲ್ಲ ಅಂತ ಯೋಚಿಸಿ. ಅರ್ಧ ದುಡ್ಡು ಮೊದಲು, ಇನ್ನರ್ಧ ಇಳಿಸಿದ ಚೀಟಿ ತಂದು ತೋರಿಸಿದ ಮೇಲೆ.

ಪ್ರಶ್ನೆ: "ಎಲ್ಲರೂ ಇಲ್ಲೇ ಕಸ ಹಾಕಿ ನಮ್ಮ ಬೀದಿ ಹಾಳಾಗಿದೆ, ದಯವಿಟ್ಟು ಹಾಕಬೇಡಿ" ಅಂತ ದೊಡ್ಡ ಬೋರ್ಡ್ ಬರೆಸಿದ್ದೇವೆ. ಈಗ ಸರಿಯಾಗಿ ಬೋರ್ಡಿನ ಕೆಳಗೇ ಹಾಕುತ್ತಿದ್ದಾರೆ!

ಉತ್ತರ: ಬೋರ್ಡಿನ ಮೊದಲ ನಾಲ್ಕು ಪದ ಓದಿ ನೋಡಿ. ಎಲ್ಲರೂ ಇಲ್ಲೇ ಕಸ ಹಾಕುತ್ತಾರೆ ಅಂತ ನೀವೇ ಜಾಹೀರಾತು ಕೊಟ್ಟಿದ್ದೀರಿ! ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಮರಗಳ ಒಂದು ರಾಷ್ಟ್ರೀಯ ಉದ್ಯಾನ ಇದೆ. ನೋಡಲು ಬಂದವರು ಚೂರುಗಳನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಅಲ್ಲಿ ಎರಡು ಥರದ ಬೋರ್ಡ್ ಹಾಕಿ ನೋಡಿದರು. ಹಿಂದೆ ಬಂದವರು ಬಹಳ ಜನ ಒಯ್ದು ಉದ್ಯಾನದ ರೂಪವೇ ಬದಲಾಗಿದೆ ಅನ್ನುವ ಬೋರ್ಡ್ ಇದ್ದಾಗ ಗುರುತು ಮಾಡಿಟ್ಟ ಚೂರುಗಳಲ್ಲಿ ನೂರಕ್ಕೆ ಸುಮಾರು 8 ಕಳುವಾದವು. ದಯವಿಟ್ಟು ಒಯ್ಯಬೇಡಿ ಅಂತ ಮಾತ್ರ ಬರೆದಿದ್ದಾಗ 2 ಕೂಡ ಹೋಗಲಿಲ್ಲ.

ಹೊಸ ಬೋರ್ಡಿನಲ್ಲಿ ಮೂರೇ ಸಾಲು ಇರಲಿ. ಇಲ್ಲಿ ಕಸ ಹಾಕಬೇಡಿ. ಕಸದ ಗಾಡಿ ಇಷ್ಟು ಹೊತ್ತಿಗೆ ಬರುತ್ತದೆ. ಕಂಡರೆ ಈ ನಂಬರಿಗೆ ಫೋನ್ ಮಾಡಿ. ಯಾರಿಗಾದರೂ ನಿಜವಾಗಿ ದಂಡ ಬಿದ್ದಿದ್ದರೆ ಆ ತಾರೀಖು ಮಾತ್ರ ಸೇರಿಸಿ, ಹೆಸರು ಬೇಡ. ಬೋರ್ಡ್ ನೆಡುವ ಹಿಂದಿನ ದಿನವೇ ಕೆಳಗಿನ ಮೂಟೆಗಳನ್ನೆಲ್ಲ ಎತ್ತಿಸಿಬಿಡಿ.